ಫ್ಯಾಷನ್ ಬೊಂಬೆಗಳ ದೇಹದ ಅಳತೆ ಹಾಗೂ ಮಕ್ಕಳ ಮನಸ್ಸು: ಪೋಷಕರ ಮಾಹಿತಿಗಾಗಿ

ಮಕ್ಕಳಿಗೆ ಬೊಂಬೆಯನ್ನು ಖರೀದಿಸುವಾಗ ಪೋಷಕರು ಸಾಮಾನ್ಯವಾಗಿ ಬೆಲೆ, ಬಾಳಿಕೆ ಹಾಗೂ ಸುರಕ್ಷತೆಯನ್ನು ಗಮನಿಸುತ್ತಾರೆ. ಬೊಂಬೆಯ ಸೊಂಟ ಎಷ್ಟು ಸಣ್ಣದು, ಕಾಲು ಎಷ್ಟು ಉದ್ದ ಎಂಬುದನ್ನು ನೋಡುವವರು ವಿರಳ. ಆದರೆ ಐದಾರು ವರ್ಷದ ಮಗುವಿನ ಮೇಲೆ ಇದರ ಪ್ರಭಾವ ಉಂಟಾಗುತ್ತದೆ ಎಂಬುದಕ್ಕೆ ಆಧಾರಗಳಿವೆ. ಈ ಕುರಿತು ಸಂಶೋಧನೆಗಳಿಂದ ತಿಳಿದುಬಂದಿರುವ ಅಂಶಗಳನ್ನು ಸಾರ್ವಜನಿಕರ ಅವಗಾಹನೆಗಾಗಿ ಇಲ್ಲಿ ನೀಡಲಾಗಿದೆ.

ಫ್ಯಾಷನ್ ಬೊಂಬೆ ಎಂದರೇನು?

ಉಡುಪು ಬದಲಾಯಿಸಿ ಆಡಲು ಅನುವಾಗುವಂತೆ ವಯಸ್ಕ ಸ್ತ್ರೀಯ ಅಥವಾ ಪುರುಷನ ರೂಪದಲ್ಲಿ ತಯಾರಿಸಲಾದ ಬೊಂಬೆಗಳನ್ನು ಫ್ಯಾಷನ್ ಬೊಂಬೆಗಳೆಂದು ಕರೆಯಲಾಗುತ್ತದೆ. ಇವುಗಳಲ್ಲಿ ಹೆಚ್ಚು ಪ್ರಸಿದ್ಧವಾದ ಬಾರ್ಬಿಯನ್ನು ಅಮೆರಿಕದ ಮ್ಯಾಟೆಲ್ ಕಂಪನಿಯು 1959ರ ಮಾರ್ಚ್ 9ರಂದು ನ್ಯೂಯಾರ್ಕ್ ಆಟಿಕೆ ಮೇಳದಲ್ಲಿ ಪ್ರದರ್ಶಿಸಿತು. ಅದರ ರೂಪುಗಾರ್ತಿ ರೂತ್ ಹ್ಯಾಂಡ್ಲರ್ ಅವರು ಜರ್ಮನಿಯ ಲಿಲ್ಲಿ ಎಂಬ ಬೊಂಬೆಯನ್ನು ಮಾದರಿಯಾಗಿ ಇರಿಸಿಕೊಂಡಿದ್ದರು.

ಚನ್ನಪಟ್ಟಣದ ಅರಗಿನ ಬೊಂಬೆಯ ದೇಹವೂ ಮನುಷ್ಯನ ಅಳತೆಯಲ್ಲಿಲ್ಲ. ಆದರೆ ಅದು ಬೊಂಬೆಯೆಂದೇ ಕಾಣುವುದರಿಂದ ಯಾವ ಮಗುವೂ ಅದರಂತೆ ಆಗಬೇಕೆಂದು ಬಯಸುವುದಿಲ್ಲ. ಫ್ಯಾಷನ್ ಬೊಂಬೆಗೆ ಉದ್ಯೋಗವಿದೆ, ಗೆಳತಿಯರಿದ್ದಾರೆ, ಮನೆಯಿದೆ. ದೊಡ್ಡವಳಾದ ಮೇಲೆ ಹೀಗಿರಬೇಕು ಎಂಬ ಮಾದರಿಯಾಗಿ ಅದು ಮಗುವಿನ ಮುಂದೆ ನಿಲ್ಲುತ್ತದೆ. ವ್ಯತ್ಯಾಸವಿರುವುದು ಇಲ್ಲಿಯೇ.

ಬಾರ್ಬಿಯ ಎತ್ತರ ಹನ್ನೊಂದೂವರೆ ಅಂಗುಲ. ಆರರಲ್ಲಿ ಒಂದು ಭಾಗದ ಪ್ರಮಾಣದಲ್ಲಿ ಲೆಕ್ಕ ಹಾಕಿದರೆ 5 ಅಡಿ 9 ಅಂಗುಲ ಎತ್ತರದ ಸ್ತ್ರೀಯಾಗುತ್ತಾಳೆ. ಹಳೆಯ ಮಾದರಿಯ ಸೊಂಟದ ಸುತ್ತಳತೆ ಆಗ ಸುಮಾರು 18 ಅಂಗುಲ ಮಾತ್ರ. ಇಂತಹ ದೇಹಾಕೃತಿಯು ಒಂದು ಲಕ್ಷ ಸ್ತ್ರೀಯರಲ್ಲಿ ಒಬ್ಬರಿಗೂ ಇರುವ ಸಂಭವವಿಲ್ಲವೆಂದು 1996ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಅಂದಾಜಿಸಿದರು. ಪುರುಷ ಬೊಂಬೆಯಾದ ಕೆನ್‌ನ ವಿಷಯದಲ್ಲಿ ಈ ಅಂದಾಜು ಐವತ್ತರಲ್ಲಿ ಒಬ್ಬರು. ಅಂದರೆ ಅಸಾಧ್ಯವಾದ ಅಳತೆಯ ಹೊರೆಯು ಬಹುತೇಕ ಹೆಣ್ಣು ಬೊಂಬೆಯ ಮೇಲೆಯೇ ಬಿದ್ದಿತ್ತು.

ಇದಕ್ಕೆ ತಯಾರಕರು ನೀಡಿದ ಕಾರಣ ಉಡುಪು. ಬಟ್ಟೆಯ ದಪ್ಪ ಹಾಗೂ ಹೊಲಿಗೆಯನ್ನು ಬೊಂಬೆಯ ಪ್ರಮಾಣಕ್ಕೆ ಕುಗ್ಗಿಸಲಾಗದು. ಆದುದರಿಂದ ಸುಲಭವಾಗಿ ಉಡುಪು ತೊಡಿಸಲು ದೇಹವೇ ಸಣ್ಣದಿರಬೇಕಾಯಿತು ಎಂಬುದು ಅವರ ವಿವರಣೆ. ಈ ಕಾರಣವನ್ನು ಪೂರ್ಣವಾಗಿ ತಳ್ಳಿಹಾಕುವಂತಿಲ್ಲ. ಆದರೆ 1965ರಲ್ಲಿ ಮಾರಾಟವಾದ ಒಂದು ಬಾರ್ಬಿ ಸೆಟ್‌ನಲ್ಲಿ 110 ಪೌಂಡ್, ಅಂದರೆ ಸುಮಾರು 50 ಕಿಲೋ ತೋರಿಸುವ ಪುಟ್ಟ ತೂಕದ ಯಂತ್ರವೂ, ತೂಕ ಇಳಿಸಲು ಊಟವನ್ನೇ ಮಾಡಬಾರದೆಂದು ಸಲಹೆ ನೀಡುವ ಪುಟ್ಟ ಪುಸ್ತಕವೂ ಇದ್ದವು. ಇದಕ್ಕೂ ಹೊಲಿಗೆಗೂ ಸಂಬಂಧವಿಲ್ಲ.

ಸಂಶೋಧನೆಗಳು ತಿಳಿಸುವುದೇನು?

2006ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಅಧ್ಯಯನವೊಂದರಲ್ಲಿ ಐದರಿಂದ ಎಂಟು ವರ್ಷ ವಯಸ್ಸಿನ 162 ಬಾಲಕಿಯರಿಗೆ ಚಿತ್ರಕಥೆಯನ್ನು ತೋರಿಸಲಾಯಿತು. ಬಾರ್ಬಿಯ ಚಿತ್ರಗಳನ್ನು ನೋಡಿದ ಕಿರಿಯ ಬಾಲಕಿಯರಲ್ಲಿ ತಮ್ಮ ದೇಹದ ಬಗ್ಗೆ ಅಸಮಾಧಾನವೂ, ಇನ್ನಷ್ಟು ತೆಳ್ಳಗಿರಬೇಕೆಂಬ ಬಯಕೆಯೂ ಹೆಚ್ಚಾಗಿ ಕಂಡುಬಂದವು. ಆ ಗುಂಪಿನ ಹಿರಿಯ ಬಾಲಕಿಯರಲ್ಲಿ ಇದೇ ಪರಿಣಾಮ ಕಾಣಲಿಲ್ಲ.

2010ರ ನೆದರ್‌ಲ್ಯಾಂಡ್ಸ್ ಅಧ್ಯಯನದಲ್ಲಿ ಆರರಿಂದ ಹತ್ತು ವರ್ಷದ 117 ಬಾಲಕಿಯರು ಭಾಗವಹಿಸಿದ್ದರು. ದೇಹದ ಬಗೆಗಿನ ಭಾವನೆಯಲ್ಲಿ ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಆದರೆ ಸಾಧಾರಣ ಮೈಕಟ್ಟಿನ ಬೊಂಬೆಯೊಂದಿಗೆ ಆಡಿದವರು ತೆಳು ಬೊಂಬೆಯೊಂದಿಗೆ ಆಡಿದವರಿಗಿಂತ ಹೆಚ್ಚು ತಿಂಡಿ ತಿಂದರು. ಮಗು ಬಾಯಿಬಿಟ್ಟು ಹೇಳದಿರುವುದು ಕೆಲವೊಮ್ಮೆ ತಟ್ಟೆಯಲ್ಲಿ ಕಾಣುತ್ತದೆ.

ವಾಸ್ತವಿಕ ಅಳತೆಯ ಬೊಂಬೆಗಳು

ಒಂಬತ್ತು ವರ್ಷದ ಬಾಲಕಿಯ ಅಳತೆಯನ್ನು ಆಧರಿಸಿದ ಲಾಟಿ ಬೊಂಬೆ 2012ರಲ್ಲಿ ಮಾರುಕಟ್ಟೆಗೆ ಬಂದಿತು. ಅಮೆರಿಕದ ಹತ್ತೊಂಬತ್ತು ವರ್ಷದ ಯುವತಿಯರ ಸರಾಸರಿ ಅಳತೆಯನ್ನು ಆಧರಿಸಿ ನಿಕೊಲಾಯ್ ಲ್ಯಾಮ್ ಅವರು ರೂಪಿಸಿದ ಲ್ಯಾಮಿಲಿ ಬೊಂಬೆಗೆ 2014ರಲ್ಲಿ ಸಾರ್ವಜನಿಕರಿಂದಲೇ ಹಣ ಸಂಗ್ರಹವಾಯಿತು. ಮೊಡವೆ, ಕಲೆಗಳ ಸ್ಟಿಕ್ಕರ್‌ಗಳೂ ಅದಕ್ಕೆ ದೊರೆಯುತ್ತಿದ್ದವು. ಕೆಲವು ವರ್ಷಗಳಿಂದ ಬಾರ್ಬಿಯ ಮಾರಾಟ ಕುಸಿಯುತ್ತಿದ್ದ ಹಿನ್ನೆಲೆಯಲ್ಲಿ ಮ್ಯಾಟೆಲ್ 2016ರ ಜನವರಿಯಲ್ಲಿ ಎತ್ತರದ, ಕುಳ್ಳಗಿನ ಹಾಗೂ ಮೈತುಂಬಿದ ಎಂಬ ಮೂರು ಹೊಸ ದೇಹಾಕೃತಿಗಳನ್ನು ಪರಿಚಯಿಸಿತು.

ಇಂತಹ ಬೊಂಬೆಯನ್ನು ಕೊಂಡರೆ ಸಮಸ್ಯೆ ಬಗೆಹರಿಯುವುದೇ ಎಂದು ಪೋಷಕರು ಕೇಳುವುದು ಸಹಜ. ಇದುವರೆಗಿನ ಉತ್ತರ ಅಷ್ಟು ಆಶಾದಾಯಕವಾಗಿಲ್ಲ. 2019ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಮೂರರಿಂದ ಹತ್ತು ವರ್ಷದ ಬಾಲಕಿಯರು ಮೈತುಂಬಿದ ಬೊಂಬೆಯ ಬಗ್ಗೆಯೇ ಹೆಚ್ಚು ನಕಾರಾತ್ಮಕ ಅಭಿಪ್ರಾಯ ತೋರಿದರು. 2021ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ, ಅತಿ ತೆಳು ಬೊಂಬೆಯೊಂದಿಗೆ ಆಡಿದ ಬಾಲಕಿಯರ ಆದರ್ಶ ದೇಹದ ಗಾತ್ರ ಕುಗ್ಗಿತು; ಬಳಿಕ ವಾಸ್ತವಿಕ ಬೊಂಬೆಯನ್ನು ನೀಡಿದರೂ ಅದು ಮೊದಲಿನಂತಾಗಲಿಲ್ಲ. ಇದರಲ್ಲಿದ್ದವರು 31 ಮಕ್ಕಳು ಮಾತ್ರ ಎಂಬುದನ್ನೂ ಗಮನಿಸಬೇಕು. ಆದಾಗ್ಯೂ, ಮೊದಲ ಬೊಂಬೆಯ ಆಯ್ಕೆಗೆ ಹೆಚ್ಚಿನ ಬೆಲೆಯಿದೆ ಎಂದು ಇದರಿಂದ ಭಾವಿಸಬಹುದು. ಮೂರು ವರ್ಷದ ಮಗುವಿಗೆ ಮೈತುಂಬಿದವರ ಬಗ್ಗೆ ತಾತ್ಸಾರ ಕೇವಲ ಬೊಂಬೆಯಿಂದ ಬರಲಾರದು. ಮನೆಯವರ ಹಾಗೂ ನೆಂಟರ ಮಾತುಗಳೂ ಇದರಲ್ಲಿ ಪಾಲುದಾರ. ಮಗುವಿನ ಎದುರಿನಲ್ಲಿ ಅದರ ತೂಕ, ಬಣ್ಣಗಳ ಬಗ್ಗೆ ಹಾಸ್ಯ ಮಾಡುವುದನ್ನು ನಿಲ್ಲಿಸಲು ಯಾವ ವೆಚ್ಚವೂ ಇಲ್ಲ.

ಪೋಷಕರು ಗಮನಿಸಬೇಕಾದುದು

ಆಟಿಕೆಗಳ (ಗುಣಮಟ್ಟ ನಿಯಂತ್ರಣ) ಆದೇಶ, 2020ರ ಪ್ರಕಾರ 2021ರ ಜನವರಿ 1ರಿಂದ ಭಾರತದಲ್ಲಿ ಮಾರಾಟವಾಗುವ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಈ ಗುರುತು ಚೂಪಾದ ಅಂಚು, ನುಂಗಬಹುದಾದ ಸಣ್ಣ ಭಾಗ, ಹಾನಿಕರ ರಾಸಾಯನಿಕ ಮುಂತಾದ ವಿಷಯಗಳಿಗೆ ಸಂಬಂಧಿಸಿದ್ದೇ ಹೊರತು ಬೊಂಬೆಯ ಮೈಕಟ್ಟಿಗೆ ಸಂಬಂಧಿಸಿದುದಲ್ಲ. ಆ ಪರಿಶೀಲನೆ ಪೋಷಕರದ್ದೇ.

ಮಗು ಊಟವನ್ನು ಪದೇ ಪದೇ ನಿರಾಕರಿಸುತ್ತಿದ್ದಲ್ಲಿ, ತಾನು ದಪ್ಪಗಿದ್ದೇನೆಂದು ಕೊರಗುತ್ತಿದ್ದಲ್ಲಿ ಅಥವಾ ತೂಕ ಇಳಿಯುತ್ತಿದ್ದಲ್ಲಿ ಮಕ್ಕಳ ವೈದ್ಯರನ್ನು ಸಂಪರ್ಕಿಸುವುದು. ಮಾನಸಿಕ ಆರೋಗ್ಯ ಕುರಿತ ಸಲಹೆಗಾಗಿ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದಾಗಿದ್ದು, ಕನ್ನಡದಲ್ಲಿಯೂ ಸೇವೆ ಲಭ್ಯವಿರುತ್ತದೆ.