ಧ್ವನಿಮಾ ನಿರೂಪ ಮತ್ತು ಅದರ ಲಭ್ಯತೆ: ವಯಸ್ಕರ ಡಿಸ್ಲೆಕ್ಸಿಯಾ ಕುರಿತು

ಡಿಸ್ಲೆಕ್ಸಿಯಾದ ಮೂಲವು ಬಹುಮಟ್ಟಿಗೆ ದೃಷ್ಟಿಯಲ್ಲಿರದೆ ಮಾತಿನ ಧ್ವನಿಗಳ ನಿರ್ವಹಣೆಯಲ್ಲಿದೆ ಎಂಬುದನ್ನು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಒಪ್ಪಿಗೆ ಇರುವುದು ಅಲ್ಲಿಯವರೆಗೆ ಮಾತ್ರ. ಮಿದುಳಿನಲ್ಲಿರುವ ಧ್ವನಿಮಾ ನಿರೂಪಗಳೇ ಮಸುಕಾಗಿವೆಯೇ, ಅಥವಾ ಸ್ಪಷ್ಟವಾಗಿಯೇ ಇರುವ ನಿರೂಪಗಳು ಬೇಕಾದಾಗ ಸುಲಭವಾಗಿ ಕೈಗೆ ಸಿಗುತ್ತಿಲ್ಲವೇ?

ಪದದ ಮೊದಲ ಧ್ವನಿಯನ್ನು ಕಳಚಿ ಹೇಳಿಸುವಂತಹ ರೂಢಿಯ ಪರೀಕ್ಷೆಗಳು ಇದಕ್ಕೆ ಉತ್ತರ ಕೊಡಲಾರವು. ಅವುಗಳಲ್ಲಿ ನಿರೂಪ, ಅಲ್ಪಾವಧಿ ಸ್ಮೃತಿ, ಪ್ರಜ್ಞಾಪೂರ್ವಕ ಗಮನ ಮೂರೂ ಬೆರೆತಿರುತ್ತವೆ. ಫ್ರಾಂಕ್ ರಾಮುಸ್ ಮತ್ತು ಗಾಯಾನ್ ಸೆಂಕೋವಿಟ್ಸ್ 2008ರಲ್ಲಿ ಈ ಗೋಜಲನ್ನು ಬಿಡಿಸಲು ಯತ್ನಿಸಿದರು. ಫ್ರೆಂಚಿನ 'ರೋಬ್' ಪದದ ಕೊನೆಯ ಘೋಷ ವ್ಯಂಜನವು 'ಸಾಲ್' ಪರವಾದಾಗ ಅಘೋಷವಾಗುತ್ತದೆ. ಇಂತಹ ಸಮೀಕರಣವನ್ನು ಡಿಸ್ಲೆಕ್ಸಿಯಾ ಇರುವ ವಯಸ್ಕರು ಉಳಿದವರಂತೆಯೇ ನಿರ್ವಹಿಸುತ್ತಾರೆ, ವ್ಯಾಕರಣವು ಅಖಂಡವಾಗಿದೆ. ಸ್ಮೃತಿಯ ಹೊರೆ ಅಥವಾ ವೇಗದ ಒತ್ತಡ ಹೆಚ್ಚಿದಾಗ ಮಾತ್ರ ಅವರು ಹಿಂದೆ ಬೀಳುತ್ತಾರೆ.

ಬೆಲ್ಜಿಯಂನ ಲ್ಯೂವೆನ್‌ನ ಬಾರ್ಟ್ ಬೂಟ್ಸ್ ಮತ್ತು ಸಂಗಡಿಗರು 2013ರಲ್ಲಿ ಇದೇ ಪ್ರಶ್ನೆಯನ್ನು ಮಿದುಳಿಗೇ ಒಡ್ಡಿದರು. ಡಿಸ್ಲೆಕ್ಸಿಯಾ ಇರುವ 23 ಹಾಗೂ ಇಲ್ಲದ 22 ವಯಸ್ಕರು ಧ್ವನಿಗಳನ್ನು ಆಲಿಸುತ್ತಿದ್ದಾಗ ಎಫ್‌ಎಂಆರ್‌ಐ ಮೂಲಕ ಪಡೆದ ಚಟುವಟಿಕೆಯ ವಿನ್ಯಾಸಗಳನ್ನು ವಿಶ್ಲೇಷಿಸಲಾಯಿತು. ಎರಡೂ ಗೋಳಾರ್ಧಗಳ ಶ್ರವಣ ಕಾರ್ಟೆಕ್ಸಿನಲ್ಲಿ ಧ್ವನಿಭೇದಗಳು ಎರಡೂ ಗುಂಪುಗಳಲ್ಲಿ ಸಮಾನ ಸ್ಪಷ್ಟತೆಯಿಂದ ಕಂಡವು. ದುರ್ಬಲವಾಗಿದ್ದುದು ಆ ಪ್ರದೇಶಗಳಿಗೂ ಬ್ರೋಕಾ ಪ್ರದೇಶವಿರುವ ಎಡ ಕೆಳ-ಮುಂಭಾಗದ ಮಡಿಕೆಗೂ ನಡುವಿನ ಸಂಪರ್ಕ.

ಈ ಫಲಿತಾಂಶವನ್ನು ಕೊನೆಯ ಮಾತೆಂದು ಭಾವಿಸಬೇಕಿಲ್ಲ. ಎಫ್‌ಎಂಆರ್‌ಐಯ ಕಾಲಸೂಕ್ಷ್ಮತೆ ಒರಟು. ಮಿಲಿಸೆಕೆಂಡುಗಳ ಅಳತೆಯ ವ್ಯತ್ಯಾಸವಿದ್ದರೆ ಅದು ಈ ಬಲೆಗೆ ಬೀಳದು. ಟೈಲರ್ ಪೆರಾಕಿಯೋನೆ ತಂಡವು 2016ರಲ್ಲಿ ಬೇರೊಂದು ಸುಳಿವನ್ನಿತ್ತಿತು. ಒಂದೇ ಪ್ರಚೋದನೆ ಮರುಕಳಿಸಿದಾಗ ನರಪ್ರತಿಕ್ರಿಯೆ ತಗ್ಗುವುದು ಸಹಜ. ಡಿಸ್ಲೆಕ್ಸಿಯಾದಲ್ಲಿ ಆ ತಗ್ಗುವಿಕೆ ಕಡಿಮೆ, ಅದೂ ಮಾತಿಗಷ್ಟೇ ಅಲ್ಲ, ಮುಖ ಮತ್ತು ವಸ್ತುಗಳ ಚಿತ್ರಗಳಿಗೂ. ಹಾಗಿದ್ದಲ್ಲಿ ಇದು ಕೇವಲ ಧ್ವನಿಮಾ ವ್ಯವಸ್ಥೆಯ ಸಮಸ್ಯೆಯೇ ಎಂಬ ಶಂಕೆ ಏಳುತ್ತದೆ. ಆದರೂ ಸಮೀಕರಣದ ಸಾಕ್ಷ್ಯವನ್ನು ಲಭ್ಯತೆಯ ವಾದವೇ ಹೆಚ್ಚು ಚೆನ್ನಾಗಿ ವಿವರಿಸುತ್ತದೆಂಬುದು ಈ ಲೇಖಕನ ಅಭಿಪ್ರಾಯ.

ಕನ್ನಡದಲ್ಲಿ ಈ ಭೇದವು ಇನ್ನಷ್ಟು ತೊಡಕಿನದು. ಕನ್ನಡ ಕಲಿಯುವ ಮಕ್ಕಳಲ್ಲಿ ಧ್ವನಿಮಾ ಪ್ರಜ್ಞೆ ನಿಧಾನವಾಗಿ ಮೂಡುತ್ತದೆಂದು ಸೋನಾಲಿ ನಾಗ್ 2007ರಲ್ಲಿ ತೋರಿಸಿದ್ದಾರೆ. ಲಿಪಿಯ ಘಟಕ ಅಕ್ಷರವೇ ಹೊರತು ಒಂಟಿ ಧ್ವನಿಯಲ್ಲ. 'ಕಿ'ಯಿಂದ 'ಕ್' ಕಳೆಯಿರಿ ಎಂದಾಗ ವಯಸ್ಕನೊಬ್ಬ ತಡವರಿಸಿದರೆ, ಆ ತಡ ನರಸಂಪರ್ಕದ್ದೋ ಲಿಪಿಯ ಅಭ್ಯಾಸದ್ದೋ ಎಂದು ಇಂಗ್ಲಿಷಿನಿಂದ ಅನುವಾದಿಸಿದ ಪರೀಕ್ಷೆ ಹೇಳಲಾರದು. ಫ್ರೆಂಚ್ ಸಮೀಕರಣದಂತೆ ಅರಿವಿಲ್ಲದೆಯೇ ನಡೆಯುವ ಕನ್ನಡದ ಧ್ವನಿವ್ಯತ್ಯಯಗಳನ್ನು ಆಧರಿಸಿದ ಪ್ರಯೋಗಗಳು ಇಲ್ಲಿ ಹೆಚ್ಚು ಉಪಯುಕ್ತವಾದಾವು.