ತೊಗರಿ ಬೇಳೆಯಾಗುವಾಗ

ಕಲಬುರಗಿ ಜಿಲ್ಲೆಗೆ 'ತೊಗರಿಯ ಕಣಜ' ಎಂದು ಹೆಸರು. ಇಲ್ಲಿಯ ಎರೆ ಹೊಲದ ತೊಗರಿಬೇಳೆಗೆ ರುಚಿ ಹೆಚ್ಚು. 2019ರಲ್ಲಿ ಅದಕ್ಕೆ ಊರಿನ ಹೆಸರಿನ ಗುರುತು ಸಿಕ್ಕಿತು. ಅದನ್ನು ಜಿ.ಐ. ಗುರುತು ಎನ್ನುತ್ತಾರೆ.

ಹೆಸರೇನೋ ದೊಡ್ಡದು. ಆದರೆ 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಏನು ಹೇಳಿತು? ರಾಜ್ಯದ 39 ತಾಲ್ಲೂಕುಗಳು ಅತ್ಯಂತ ಹಿಂದುಳಿದಿವೆ ಎಂದಿತು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ವಿಭಾಗದವೇ! ಚಲೋ ಬೆಳೆ ಬರುವ ನೆಲದಲ್ಲಿ ಬಡತನ ಯಾಕೆ?

ಕಾರಣ ಹಲವು. ಒಂದನ್ನು ನೋಡೋಣ ಬನ್ನಿ.

ನಾವು ರಾಶಿ ಮಾಡಿ, ಚೀಲ ತುಂಬಿ, ಗಂಜಿಗೆ ಒಯ್ದು ಮಾರುತ್ತೇವೆ. ಅಲ್ಲಿಗೆ ನಮ್ಮ ಕೆಲಸ ಮುಗೀತು. ಮುಂದಿನದು ಬೇಳೆ ಮಿಲ್ಲಿನಲ್ಲಿ. ಅಲ್ಲಿ ಕಾಳಿಗೆ ಎಣ್ಣೆ, ನೀರು ಸವರಿ ಒಣಗಿಸುತ್ತಾರೆ. ಯಂತ್ರ ಸಿಪ್ಪೆ ತೆಗೆದು ಒಡೆಯುತ್ತದೆ. 100 ಕಿಲೋ ತೊಗರಿಗೆ ಸುಮಾರು 70ರಿಂದ 75 ಕಿಲೋ ಬೇಳೆ ಬರುತ್ತದೆ. ಉಳಿದ ಹೊಟ್ಟು, ನುಚ್ಚು ದನದ ಮೇವಾಗುತ್ತದೆ. ಹೊಟ್ಟಿಗೂ ರೊಕ್ಕ ಉಂಟು! ಆ ರೊಕ್ಕ ಮಿಲ್ಲಿನವರಿಗೆ. ಸಾಲ, ಕರೆಂಟು ಬಿಲ್ಲಿನ ಭಾರವೂ ಅವರದೇ ಅನ್ನಿ.

ಮೊದಲು ಹೆಣ್ಣುಮಕ್ಕಳು ಕುಳಿತು ಬೇಳೆ ಆರಿಸುತ್ತಿದ್ದರು. ಈಗ ದೊಡ್ಡ ಮಿಲ್ಲುಗಳಲ್ಲಿ ಬಣ್ಣ ನೋಡಿ ಆರಿಸುವ ಯಂತ್ರ ಬಂದಿದೆ. ಅದರ ಕ್ಯಾಮೆರಾ ಕಪ್ಪು ಕಾಳನ್ನು ಗುರುತಿಸುತ್ತದೆ. ಗಾಳಿ ಊದಿ ಹೊರಗೆ ಹಾರಿಸುತ್ತದೆ. ಬೇಳೆ ಚೊಕ್ಕಟ. ಪಟ್ಟಣದಲ್ಲಿ ಬೆಲೆ ಹೆಚ್ಚು. ಆದರೆ ಆರಿಸುವವರ ಕೂಲಿ ಹೋಯಿತು. ಯಂತ್ರ ರಿಪೇರಿ ಕಲಿತ ಹುಡುಗನಿಗೆ ಕೆಲಸ ಸಿಕ್ಕೀತು. ಐವತ್ತು ದಾಟಿದ ಅವ್ವನಿಗೆ?

ಇನ್ನೊಂದು ಮಾತು. ಗಂಜಿನ ಧಾರಣೆ ಗಂಜಿನಲ್ಲಷ್ಟೇ ತೀರ್ಮಾನವಾಗುವುದಿಲ್ಲ. 2021ರ ಮೇ ತಿಂಗಳಲ್ಲಿ ಕೇಂದ್ರ ಸರಕಾರ ತೊಗರಿ ಆಮದಿನ ಮಿತಿ ತೆಗೆಯಿತು. ಮ್ಯಾನ್ಮಾರ್, ಆಫ್ರಿಕಾದ ಮೊಜಾಂಬಿಕ್ ದೇಶಗಳ ತೊಗರಿ ಹಡಗಿನಲ್ಲಿ ಬರುತ್ತದೆ. ಮಿಲ್ಲಿಗೆ ವರ್ಷವಿಡೀ ಕಾಳು ಸಿಗುತ್ತದೆ. ಆದರೆ ನಮ್ಮ ರಾಶಿಯ ಹೊತ್ತಿಗೇ ಆ ಮಾಲು ಬಂದರೆ ಧಾರಣೆ ಇಳಿಯುತ್ತದೆ. ಕೊಳ್ಳುವಾಗ ಅಗ್ಗ ಬೇಕು, ಮಾರುವಾಗ ತುಟ್ಟಿ ಬೇಕು ಅನ್ನುವವರೂ ನಾವೇ, ಅಲ್ಲವೇ?

ಹಾಗಾದರೆ ಊರಲ್ಲೇ ಬೇಳೆ ಮಾಡಬಾರದೇ? ಮಾಡಬಹುದು. ಮೈಸೂರಿನ ಸಿ.ಎಫ್.ಟಿ.ಆರ್.ಐ. ಸಂಸ್ಥೆ ಸಣ್ಣ ಬೇಳೆ ಮಿಲ್ಲನ್ನು ರೂಪಿಸಿದೆ. ಮಹಿಳಾ ಸಂಘವೂ ಅದನ್ನು ನಡೆಸಬಹುದು. ಬೇಳೆ ಮಾಡುವುದಕ್ಕಿಂತ ಮಾರುವುದೇ ಕಷ್ಟ. ಅಂಗಡಿಯವರು ಉದ್ರಿ ಕೇಳುತ್ತಾರೆ. ರೈತರಿಗೆ ಮಾತ್ರ ಅಂದೇ ರೊಕ್ಕ ಬೇಕು. ಆದ್ದರಿಂದ ಸಂಘದ ಕೈಯಲ್ಲಿ ಮೊದಲೇ ಸ್ವಲ್ಪ ಹಣ ಇರಬೇಕು.

ಅಲ್ಲಿಯವರೆಗೆ ಗಂಜಿಗೆ ಹೋಗುವುದು ತಪ್ಪದು. ಈಗ ನೀವು ಓದಬಲ್ಲಿರಿ. ಅಂಗಡಿಯವರು ಕೊಟ್ಟ ಪಟ್ಟಿಯಲ್ಲಿ ತೂಕ, ಧಾರಣೆ, ಮುರಿದುಕೊಂಡ ಹಣ ಈ ಮೂರನ್ನೂ ನೋಡಿರಿ. ತೂಕವನ್ನು ಧಾರಣೆಯಿಂದ ಗುಣಿಸಿರಿ. ಲೆಕ್ಕ ಕೂಡದಿದ್ದರೆ ಅಲ್ಲೇ ನಿಂತು ಕೇಳಿರಿ.