ಕಾರಿನ ಆಮ್ಲಜನಕ ಸೆನ್ಸರಿನ ಹೀಟರ್ ಕೆಟ್ಟಾಗ



ತರಕಾರಿ ಬುಟ್ಟಿ ಸಂತೆಗೆ ಹೋಗಬೇಕಾದರೂ, ಬಾಣಂತಿ ಆಸ್ಪತ್ರೆಯಿಂದ ಮನೆಗೆ ಬರಬೇಕಾದರೂ ಈಗ ಹಳ್ಳಿಯ ಅನೇಕ ಮನೆಗಳಲ್ಲಿ ಒಂದು ಪೆಟ್ರೋಲ್ ಕಾರು ನೆರವಾಗುತ್ತಿದೆ. ಒಂದು ದಿನ ಅದರ ಮೀಟರಿನಲ್ಲಿ ಎಂಜಿನ್ ಆಕಾರದ ಹಳದಿ ದೀಪ ಹತ್ತಿ, ಆರದೆ ಉಳಿಯುತ್ತದೆ. ಗಾಡಿ ಓಡುತ್ತದೆ, ಆದರೆ ಪೆಟ್ರೋಲು ಹೆಚ್ಚು ಬೇಡುತ್ತದೆ. "ಆಕ್ಸಿಜನ್ ಸೆನ್ಸರ್ ಹೋಗಿದೆ, ಹೊಸದು ಹಾಕೋಣ" ಎನ್ನುತ್ತಾರೆ ಗ್ಯಾರೇಜಿನವರು. ಸಾವಿರಾರು ರೂಪಾಯಿ ತೆತ್ತ ಮೇಲೂ ದೀಪ ಮತ್ತೆ ಹತ್ತುವುದುಂಟು. ದೋಷ ಸೆನ್ಸರಿನಲ್ಲೇ ಇರಬೇಕೆಂದೇನೂ ಇಲ್ಲ.

ಈ ಸೆನ್ಸರ್ ಎಂಜಿನ್ನಿನ ಹೊಗೆ ಕೊಳವೆಯಲ್ಲಿ ಕೂತಿರುತ್ತದೆ. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆದು ಗಾಡಿಯ ಕಂಪ್ಯೂಟರಿಗೆ ತಿಳಿಸುತ್ತದೆ. ಅದರಂತೆ ಕಂಪ್ಯೂಟರು ಪೆಟ್ರೋಲನ್ನು ಹೆಚ್ಚು ಕಡಿಮೆ ಮಾಡುತ್ತದೆ. ಆದರೆ ಒಳಗಿನ ಜಿರ್ಕೋನಿಯಾ ಎಂಬ ಪಿಂಗಾಣಿಯಂಥ ವಸ್ತು ಸುಮಾರು 300 ಡಿಗ್ರಿಗಿಂತ ಹೆಚ್ಚು ಕಾಯದೆ ಕೆಲಸ ಮಾಡದು. 1976ರಲ್ಲಿ ಬಾಷ್ ಕಂಪನಿ ಇದನ್ನು ಹೊರತಂದಾಗ ಹೊಗೆಯ ಬಿಸಿಯೇ ಅದನ್ನು ಕಾಯಿಸಬೇಕಾಗಿತ್ತು. 1982ರಲ್ಲಿ ಒಳಗೇ ವಿದ್ಯುತ್ ಹೀಟರ್ ಬಂತು. ಆ ಹೀಟರ್ ಕೆಟ್ಟರೆ ಕಂಪ್ಯೂಟರು ಹೆಚ್ಚು ಹೊತ್ತು ಅಂದಾಜಿನ ಮೇಲೆ ಪೆಟ್ರೋಲ್ ಬಿಡುತ್ತದೆ. ಊರಿಂದ ತೋಟಕ್ಕೆ, ತೋಟದಿಂದ ಊರಿಗೆ ಎಂದು ಸಣ್ಣ ಓಡಾಟ ಮಾಡುವವರಿಗೆ ನಷ್ಟ ಹೆಚ್ಚು.

ಸ್ಕ್ಯಾನರ್ ಹಾಕಿಸಿದರೆ ಸಂಕೇತ ಸಂಖ್ಯೆ ಬರುತ್ತದೆ. ಪಿ0135 ಎಂದರೆ ಹೊಗೆ ಶುದ್ಧಿ ಮಾಡುವ ಡಬ್ಬಿಗಿಂತ ಮೊದಲಿರುವ ಸೆನ್ಸರಿನ ಹೀಟರ್ ದಾರಿ. ಪಿ0141 ಎಂದರೆ ಅದರ ನಂತರದ್ದು. ದಾರಿ ಎಂದದ್ದನ್ನು ಗಮನಿಸಿ. ಪಂಪ್‌ಸೆಟ್ ನಿಂತಾಗ ಮೊದಲೇ ಮೋಟಾರ್ ಬಿಚ್ಚುತ್ತೀರಾ? ಫ್ಯೂಸ್ ನೋಡುತ್ತೀರಿ, ತಂತಿ ನೋಡುತ್ತೀರಿ. ಇಲ್ಲಿಯೂ ಹಾಗೆಯೇ. ಬ್ಯಾಟರಿಯಿಂದ ಫ್ಯೂಸ್, ಅಲ್ಲಿಂದ ಹೀಟರ್, ಹೀಟರಿನಿಂದ ಕಂಪ್ಯೂಟರ್; ಕಂಪ್ಯೂಟರು ಅದನ್ನು ಅರ್ತಿಗೆ ಕೂಡಿಸಿದಾಗ ಹೀಟರ್ ಕಾಯುತ್ತದೆ.

ಮೊದಲು ಫ್ಯೂಸ್ ನೋಡಿ. ಸುಟ್ಟಿದ್ದರೆ ಅದೇ ಆಂಪಿಯರಿನದನ್ನು ಹಾಕಿ. ಮತ್ತೆ ಸುಟ್ಟರೆ ಎಲ್ಲೋ ತಂತಿ ಬಿಸಿ ಕೊಳವೆಗೆ ತಾಗಿ ಹೊದಿಕೆ ಕರಗಿರಬೇಕು, ಇಲ್ಲವೆ ಹೀಟರೇ ಶಾರ್ಟ್ ಆಗಿರಬೇಕು. ಪಂಪಿನ ಮನೆಯಲ್ಲಿ ಮಾಡುವಂತೆ ತಾಮ್ರದ ಎಳೆ ಸುತ್ತುವ ಸಾಹಸ ಇಲ್ಲಿ ಬೇಡ. ಗಾಡಿಗೆ ಬೆಂಕಿ ಬಿದ್ದೀತು.

ಆಮೇಲೆ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ತಂತಿಗಳನ್ನು ನೋಡಿ. ಹುಲ್ಲಿನ ಕೊಟ್ಟಿಗೆಯಲ್ಲಿ ನಿಲ್ಲಿಸುವ ಗಾಡಿಯಾದರೆ ಇಲಿಯ ಮೇಲೆ ಮೊದಲ ಸಂಶಯ ಇರಲಿ.

ತಂತಿ ಸರಿಯಿದ್ದರೆ ಸೆನ್ಸರಿನ ಕನೆಕ್ಟರ್ ಬಿಚ್ಚಿ. ನಾಲ್ಕು ತಂತಿಗಳಲ್ಲಿ ಒಂದೇ ಬಣ್ಣದ ಎರಡು ಸಾಮಾನ್ಯವಾಗಿ ಹೀಟರಿನವು. ಅನೇಕ ಗಾಡಿಗಳಲ್ಲಿ ಬಿಳಿ. ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಸೆನ್ಸರ್ ಕಡೆಯ ಆ ಎರಡು ಪಿನ್ ಮುಟ್ಟಿಸಿ. ತಣ್ಣಗಿರುವಾಗ ಕೆಲವೇ ಓಮ್ ತೋರಿಸಬೇಕು. ನಿಖರವಾದ ಅಂಕಿ ಗಾಡಿಯ ಸರ್ವಿಸ್ ಪುಸ್ತಕದಲ್ಲಿದೆ. ಮೀಟರ್ ಏನೂ ತೋರಿಸದಿದ್ದರೆ ಒಳಗಿನ ಎಳೆ ತುಂಡಾಗಿದೆ. ಹೀಟರ್ ಪಿನ್ನಿಗೂ ಸೆನ್ಸರಿನ ಕಬ್ಬಿಣದ ಮೈಗೂ ಸಂಪರ್ಕ ತೋರಿಸಿದರೆ ಅದೂ ಕೆಟ್ಟದ್ದೇ. ಆಗ ಮಾತ್ರ ಹೊಸ ಸೆನ್ಸರಿಗೆ ಹಣ ಬಿಚ್ಚಿ.

ಹೀಟರ್ ಸರಿಯಿದ್ದರೆ ಗಾಡಿ ಕಡೆಯ ಕನೆಕ್ಟರ್ ಪರೀಕ್ಷಿಸಿ. ಕೀ ತಿರುಗಿಸಿ, ಆ ಎರಡರಲ್ಲಿ ಒಂದು ಪಿನ್ನಿಗೂ ಬ್ಯಾಟರಿ ಅರ್ತಿಗೂ ನಡುವೆ ಸುಮಾರು 12 ವೋಲ್ಟ್ ಇರಬೇಕು. ಕೆಲವು ಗಾಡಿಗಳಲ್ಲಿ ಎಂಜಿನ್ ಚಾಲೂ ಆದರೆ ಮಾತ್ರ ಬರುತ್ತದೆ. ಬಾರದಿದ್ದರೆ ರಿಲೇ ಅಥವಾ ಫ್ಯೂಸಿನಿಂದ ಇಲ್ಲಿಯವರೆಗಿನ ತಂತಿ ಹುಡುಕಿ. ವೋಲ್ಟ್ ಬಂದರೂ ಹೀಟರ್ ಕಾಯದಿದ್ದರೆ ಉಳಿದದ್ದು ಕಂಪ್ಯೂಟರಿನ ಕಡೆಯ ತಂತಿ. ಅಲ್ಲಿಂದ ಮುಂದೆ ನೀವು ಕೈ ಹಾಕದೆ, ಕಂಡದ್ದನ್ನು ಚೀಟಿಯಲ್ಲಿ ಬರೆದು ತಿಳಿದ ಮೆಕ್ಯಾನಿಕ್‌ಗೆ ಕೊಡಿ. ವಾರಂಟಿ ಮುಗಿಯದ ಗಾಡಿಯನ್ನಂತೂ ಬಿಚ್ಚಲೇಬೇಡಿ.

ಸೆನ್ಸರಿನ ತಂತಿ ತುಂಡಾಗಿದ್ದರೆ ಬೆಸುಗೆ ಹಾಕಬಾರದು, ಒತ್ತಿ ಕೂಡಿಸುವ ತುದಿ ಬಳಸಬೇಕು. ಅನೇಕ ಸೆನ್ಸರುಗಳಿಗೆ ಹೊರಗಿನ ಗಾಳಿ ಈ ತಂತಿಯ ಎಳೆಗಳ ಸಂದಿನಿಂದಲೇ ಒಳಗೆ ಹೋಗುತ್ತದೆ. ಸೀಸ ತುಂಬಿದರೆ ದಾರಿ ಮುಚ್ಚಿತು. ಕನೆಕ್ಟರಿಗೆ ಗ್ರೀಸ್ ಕೂಡ ಬೇಡ. ರಿಪೇರಿಯಾದ ಮೇಲೆ ಸಂಕೇತ ಅಳಿಸಿಸಿ, ಮರುದಿನ ಬೆಳಿಗ್ಗೆ ತಣ್ಣಗಿರುವ ಎಂಜಿನ್ ಚಾಲೂ ಮಾಡಿ ಎರಡು ಮೂರು ದಿನ ಓಡಿಸಿ ದೀಪ ನೋಡಿ.